ಸೈಮನ್ ಪೊರ್ಬುಗಳ ನಾಲ್ಕು ಕಾಲಿನ ಕೋಳಿ

ಅಕ್ಷಯಾ, ಅಜ್ಜಿ ಹೇಳಿದ್ದನ್ನು ಬರೀತಾ ಇದ್ದಿ ಅಲ್ವಾ ಮಗಾ? ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಸೈಮನ್ ಪೊರ್ಬುಗಳು. ನಾವು ತುಳುವರು ಕ್ರಿಶ್ಚಿಯನ್ ಗಂಡಸರನ್ನು ಹಾಗೇ ಕರೆಯೋದು. ಇದೇ ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಎದುರಿನ ಮನೆ. ತೊಂಬತ್ತನೇ ಇಸವಿ, ಗಲ್ಫ್ ಯುದ್ಧಕ್ಕೆ ಮುಂಚೆ. ಆಗಲೂ ಈ ಲಿಫ್ಟು ಹಾಳೇ. ಇರ್ಲಿ, ಅದು ಬೇರೆ ಕಥೆ.

ಪೊರ್ಬುಗಳಿಗೆ ಕೆಲಸ ಅರ್ದಿಯಾದಲ್ಲಿ, ಕೋಳಿ ಆಹಾರದ ಗೋಡೌನ್‌ನಲ್ಲಿ. ತಲೆ ಮಾತ್ರ ಊರಿನ ಹಂದಿಗೂಡಿನಲ್ಲಿ. ಮೇ ತಿಂಗಳಲ್ಲಿ ತಂಗಿ ಬ್ರಿಜಿಟಳ ಮದುವೆ. ಊಟಕ್ಕೆ ಹಂದಿ ಮಾಂಸ ಕಮ್ಮಿ ಬಿದ್ರೆ ಗಂಡಿನ ಕಡೆಯವರು ಸಾಯುವವರೆಗೆ ಆಡಿಕೊಳ್ತಾರೆ. ಅದಕ್ಕೇ ಊರಲ್ಲಿ ಪೊರ್ಬುಗಳ ಅಮ್ಮ ಎರಡು ಹಂದಿ ಸಾಕ್ತಿದ್ರು. ಅಮ್ಮ ಕ್ಯಾಸೆಟ್‌ನಲ್ಲಿ ಮಾತಾಡಿ ಕಳಿಸಿದ್ರು: "ಮಗಾ, ಮೀನಿನ ಹುಡಿ ಸಿಗೋದಿಲ್ಲ. ನೆಲಗಡಲೆ ಹಿಂಡಿ ಹಾಕ್ತೇನೆ. ತಿನ್ನೋದು ಆನೆ ಹಾಗೆ, ಇರೋದು ನಾಯಿ ಹಾಗೆ!"

ಗೋಡೌನ್‌ನಲ್ಲೂ ಮೀನಿನ ಹುಡಿ ಕಮ್ಮಿಯಾದಾಗ ಹಿಂಡಿಗೆ ಎಂತದೋ ಬಿಳಿ ಪುಡಿ ಬೆರೆಸ್ತಿದ್ರು. ಪೊರ್ಬುಗಳು ಅಲ್ಲಿನ ಪಶುವೈದ್ಯರು, ಹೈದರಾಬಾದಿನ ಡಾಕ್ಟರ್ ಶರೀಫರ ಹತ್ರ ಹೋದ್ರು. ಅಲ್ಲಿ ಹಂದಿ ಅಂತ ಬಾಯಿಬಿಡ್ಲಿಕ್ಕುಂಟಾ?

"ಸಾಬ್, ಊರಲ್ಲಿ ನಮ್ಮ ಕೋಳಿ ಬೆಳೀತಾ ಇಲ್ಲ. ಸ್ವಲ್ಪ ಪುಡಿ ಬೇಕಿತ್ತು."

"ಎಷ್ಟು ಕೋಳಿ?"

"ಎರಡು."

"ದಿನಕ್ಕೆ ಎಷ್ಟು ತಿಂತದೆ?"

ಪ್ರಮಾಣ ತಪ್ಪಿದ್ರೆ ಹಂದಿಗೇ ತೊಂದ್ರೆ ಅಂತ ಪೊರ್ಬುಗಳು ಸತ್ಯ ಹೇಳಿಬಿಟ್ರು. "ಒಂದೊಂದು ಎರಡು ಕಿಲೋ."

ಶರೀಫರು ಕನ್ನಡಕ ತೆಗೆದ್ರು. "ಈ ಕೋಳಿಗೆ ಕಾಲೆಷ್ಟು ಭಾಯಿ?"

"ನಾಲ್ಕು, ಸಾಬ್."

"ಬಸ್, ಹೆಸರು ಹೇಳ್ಬೇಡ! ಎರಡು ಕಾಲಿಂದಾದ್ರೆ ಮೆಥಿಯೋನಿನ್ ಪುಡಿ ಕೊಡ್ತಿದ್ದೆ. ನಿನ್ನದಕ್ಕೆ ಹಿಂಡಿಯಲ್ಲಿ ಕಮ್ಮಿ ಬೀಳೋದು ಲೈಸಿನ್ ಅನ್ನೋ ಸತ್ವ. ಅದಿಲ್ಲದೆ ಎಷ್ಟು ತಿಂದ್ರೂ ಮಾಂಸ ಹಿಡಿಯೋದಿಲ್ಲ. ದಿನಕ್ಕೆ ಒಂದೊಂದು ಚಮಚ, ಖಲಾಸ್."

ಗಲ್ಫಿನವರಿಗೆ ಎಂತ ತುಂಬಿಸ್ಲಿಕ್ಕೂ ಹಾಲಿನ ಪೌಡರ್ ಡಬ್ಬಿಯೇ ಅಲ್ವಾ. ಪೊರ್ಬುಗಳು ಲೈಸಿನ್ ಅದರಲ್ಲೇ ತುಂಬಿಸಿ ಅಡುಗೆಮನೆಯಲ್ಲಿಟ್ರು. ಊರಿಗೆ ಹೊರಟಿದ್ದ ನಿನ್ನ ಅಜ್ಜ ಅದನ್ನು ತಗೊಂಡು ಹೋಗ್ಲಿಕ್ಕೆ ಬಂದ್ರು. ಪೊರ್ಬುಗಳ ಹೆಂಡತಿ ಕ್ಲಾರಾ ಚಹಾ ಕೊಟ್ಳು.

"ಹೇಗುಂಟು ಮೋನಪ್ಪಣ್ಣ?"

"ಲಾಯಕ್ ಉಂಟು ಬಾಯಮ್ಮ."

ನಿನ್ನ ಅಜ್ಜನ ಮರ್ಯಾದೆ ಹಾಗೆ, ಬೇರೆಯವರ ಮನೆಯಲ್ಲಿ ವಿಷ ಕೊಟ್ರೂ ಇನ್ನೊಂದು ಗ್ಲಾಸು ಕುಡೀತಾರೆ. ಕುಡಿದ್ರು ಸಹ! ಸಂಜೆ ಪೊರ್ಬುಗಳು ಬಂದು ಒಂದು ಗುಟುಕು ಕುಡಿದು ಉಗಿದ್ರು. "ಕ್ಲಾರಾ, ಇದೆಂತ ಸಮುದ್ರದ ನೀರಾ?"

ಡಬ್ಬಿ ಅದಲುಬದಲಾಗಿತ್ತು, ಅಜ್ಜ ತಗೊಂಡು ಹೋದದ್ದು ಹಾಲಿನ ಪೌಡರ್. ಅಜ್ಜನ ವಿಮಾನ ಹಾರಿಯೂ ಆಗಿತ್ತು. ಪೊರ್ಬುಗಳು ತಲೆ ಮೇಲೆ ಕೈಹೊತ್ತು ಕೂತ್ರು. "ಖಲಾಸ್. ಬ್ರಿಜಿಟಳ ಮದುವೆಗೆ ಬಟಾಟೆ ಪಲ್ಯವೇ ಗತಿ."

ಸ್ವಲ್ಪ ದಿನ ಕಳೆದು ಅಮ್ಮನ ಕ್ಯಾಸೆಟ್ ಬಂತು. "ಮಗಾ, ನಿನ್ನ ಮದ್ದಿಗೆ ಹಂದಿ ಬೋಗುಣಿ ನೆಕ್ಕಿ ತೂತು ಮಾಡ್ತದೆ! ಮೈ ತುಂಬ್ತಾ ಉಂಟು. ಚಮಚ ಸಾಲೋದಿಲ್ಲ, ಲೋಟದಲ್ಲೇ ಹಾಕಿದೆ. ಇನ್ನೊಂದು ಡಬ್ಬಿ ಕಳಿಸು."

ಇದನ್ನು ಕೇಳಿ ಶರೀಫರು ಹೊಟ್ಟೆ ಹಿಡಿದು ನಗಾಡಿದ್ರು. "ಹಾಲಲ್ಲೂ ಲೈಸಿನ್ ಉಂಟು ಭಾಯಿ. ಆದ್ರೆ ಇಷ್ಟು ದುಬಾರಿ ಹಿಂಡಿ ಯಾವ ದೇಶದಲ್ಲೂ ಇಲ್ಲ!"

ಎರಡನೇ ಸಲ ಪೊರ್ಬುಗಳು ನಿಜವಾದ ಲೈಸಿನ್ನೇ ಕಳಿಸಿದ್ರು. ಹಂದಿ ಮೂಸಿ ಮುಖ ತಿರುಗಿಸ್ತಂತೆ, ಮದುಮಗಳ ಹಾಗೆ. ಮತ್ತೆ ಅದರ ಮೇಲೆ ಹಾಲಿನ ಪೌಡರ್ ಉದುರಿಸಿ ಉದುರಿಸಿ ತಿನ್ನಿಸಿದ್ರು. ಮದುವೆಯಲ್ಲಿ ಗಂಡಿನ ಕಡೆಯವರು ಸೊಂಟದ ಬೆಲ್ಟು ಸಡಿಲ ಮಾಡಿ ಕೂತ್ಕೊಂಡು ಉಂಡ್ರಂತೆ.

ನಿನ್ನ ಅಜ್ಜ ಮಾತ್ರ ಅವತ್ತಿನಿಂದ ಪೌಡರ್ ಹಾಲಿನ ಚಹಾ ಮುಟ್ಟೋದಿಲ್ಲ. ಓ, ಈಗ ಏಳ್ತಾರೆ. ಬರೆದದ್ದು ಸಾಕು ಮಗಾ, ಕೆಳಗೆ ಬಕಾಲ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಹಾಲು ತಾ. ಡಬ್ಬಿಯದ್ದು ಬೇಡ, ಆಯ್ತಾ?