ಟೌನ್ ಆಗಲು ಹೊರಟ ಬೀದಿ

ಜನಗಣತಿ ಡ್ಯೂಟಿ ಮೇಲೆ ಹೊನ್ನೂರಿನ ಒಂದು ಮನೆಗೆ ಹೋಗಿದ್ದೆ. ಯಜಮಾನ ಜಗುಲಿಯಲ್ಲಿ ಕೂತಿದ್ದ. ಕೆಲಸ ಏನಪ್ಪ ಅಂದೆ.

"ಆಟೊ ಓಡಿಸ್ತೀನಿ ಸಾ. ಈ ಬೀದಿ ಗಂಡಸ್ರೆಲ್ಲಾ ಆಟೊನೇ. ನಮ್ಮೂರೂ ಟೌನ್ ಆಯ್ತದಾ?"

ಜನ ಐದು ಸಾವಿರಕ್ಕೆ ಕಮ್ಮಿಯಿಲ್ಲದೆ ಸಾಕಷ್ಟು ಒತ್ತಾಗಿದ್ದು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟಿದ್ದರೆ ಗಣತಿ ಲೆಕ್ಕದಲ್ಲಿ ಊರು ಟೌನ್ ಆಗುತ್ತೆ ಅಂತ ಪಾಠ ಒಪ್ಪಿಸಿದೆ. ಆಸಾಮಿ ಆಗಲೇ ಪುರಸಭೆ ಮೆಂಬರ್ ಆದವನಂತೆ ಕಾಲು ಚಾಚಿದ.

ಗದ್ದೆಯಿಂದ ಕೆಸರುಗಾಲಲ್ಲಿ ಬಂದ ಅವನ ಹೆಂಡತಿ ಎಲ್ಲಾ ಕೇಳಿಸಿಕೊಂಡಿದ್ದಳು. "ನಾಟಿ, ಕಳೆ, ಕುಯ್ಲು ಎಲ್ಲಾ ನಾವ್ ಎಂಗಸ್ರೇ ಮಾಡದು. ನಮ್ಮನ್ನ ಯಾವ ಲೆಕ್ಕಕ್ಕೆ ಇಟ್ಟವ್ರೆ?"

"ತಲೆ ಎಣಿಸುವಾಗ ನೀವೂ ಇದ್ದೀರಮ್ಮ. ಟೌನ್ ಹೌದೋ ಅಲ್ಲವೋ ಅನ್ನೋದಕ್ಕೆ ಮಾತ್ರ ಗಂಡಸರ ಕೆಲಸ ನೋಡ್ತಾರೆ," ಅಂದೆ.

"ಸರಿ ಬುಡಿ. ಇವ್ರು ಟೌನ್‌ನಲ್ಲಿರ್ಲಿ, ನಾವು ಅಳ್ಳೀಲಿರ್ತೀವಿ. ಟೌನ್‌ನೋರು ಇವತ್ತಿಂದ ಓಟ್ಲಲ್ಲೇ ಉಣ್ಲಿ."

ಗಂಡ ಕಾಲು ಮಡಿಚಿಕೊಂಡ. "ಸಾ, ನನ್ ಕೆಲ್ಸ ಬೇಸಾಯ ಅಂತ್ಲೇ ಬರ್ಕಬುಡಿ."

ಸುದ್ದಿ ನನಗಿಂತ ಮುಂದೆ ಓಡಿತು. ಮನೆಗೊಂದು ಆಟೊ ನಿಂತಿದ್ದ ಆ ಬೀದಿ ತುಂಬಾ ನನಗೆ ಬರೀ ರೈತರೇ ಸಿಕ್ಕರು. ಸಂಜೆ ಅವರಲ್ಲೇ ಒಬ್ಬ ರೈತನ ಆಟೊ ಹತ್ತಿ ಯಳಂದೂರಿಗೆ ಬಂದೆ.