ಪಾಳು ಹಿತ್ತಲಿನ ಮಣ್ಣು

ಜವರಮ್ಮ ಈರುಳ್ಳಿ ಗಿಡ ಹಿಡಿದು ಎಳೆದಳು. ನೆಲ ಸ್ವಲ್ಪವೂ ತಡೆಯಲಿಲ್ಲ. ಒಳಗಿಂದ ಯಾರೋ ಕೈಬಿಟ್ಟ ಹಾಗೆ ಗಿಡ ಮೇಲೆ ಬಂತು. ಗೆಡ್ಡೆಯ ಕೆಳಗೆ ಬೇರೇ ಇರಲಿಲ್ಲ. ಬೇರಿದ್ದ ಜಾಗದಲ್ಲಿ ಬಿಳಿ ಬೂಷ್ಟು ಕೂತಿತ್ತು. ಎಲೆಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಹಳದಿಯಾಗಿದ್ದವು.

ಗಂಡ ತೀರಿಕೊಂಡ ಮೇಲೆ ಬಯಲುಸೀಮೆಯಿಂದ ಮಲ್ಲಂದೂರಿನ ಕಾಫಿ ಎಸ್ಟೇಟಿಗೆ ಕೂಲಿಗೆ ಬಂದವಳು ಅವಳು. ಬರುವಾಗ ತವರಿನ ಚಿಕ್ಕ ಈರುಳ್ಳಿಯನ್ನು ಬೀಜಕ್ಕೆಂದು ಸೆರಗಿನಲ್ಲಿ ಕಟ್ಟಿ ತಂದಿದ್ದಳು. ಮಳೆ ನಿಂತ ಮೇಲೆ ಕೂಲಿಯವರ ಲೈನ್‌ಮನೆಯ ಹಿಂದೆ ಪಾತಿ ಮಾಡಿ ಊರಿದಳು. ಬಂದ ವರ್ಷವೂ ಸೊರಗಿತು, ಮರುವರ್ಷವೂ ಸೊರಗಿತು. ಉಳಿದದ್ದು ಒಂದು ಹಿಡಿ ಬೀಜ.

"ಆ ಜಾಗ ಸರಿ ಇಲ್ಲ ಕಣೆ," ಎಂದಳು ಪಕ್ಕದ ಮನೆಯ ಗಿಡ್ಡಮ್ಮ. "ನೆಲದ ಕೆಳಗಿರೋರು ಎಳ್ಕೊಳ್ತಾರೆ. ಬಿಟ್ಬಿಡು."

"ಬಿಟ್ರೆ ನಮ್ಮವ್ವನ ಬೀಜ ಇಲ್ಲಿಗೇ ಮುಗೀತದಲ್ಲ ಅಕ್ಕಾ."

ಒಂದು ಭಾನುವಾರ ಬುಟ್ಟಿ ಹಿಡಿದು ಸೌದೆಗೆ ಹೋದವಳು ಎಸ್ಟೇಟಿನ ಬೇಲಿ ದಾಟಿ ಮೇಲೇರಿಬಿಟ್ಟಳು. ಅಲ್ಲಿ ಚಳಿಜ್ವರಕ್ಕೆ ಜನ ಸತ್ತು ಪಾಳುಬಿದ್ದ ನಾಕಾರು ಮನೆಗಳಿದ್ದವು. ಲೈನಿನವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ನಡುಮಧ್ಯಾಹ್ನವಾದರೂ ಒಂದು ಹಕ್ಕಿಯ ಸದ್ದಿಲ್ಲ. ಕುಸಿದ ಗೋಡೆಯ ಕಡೆಯಿಂದ ಮಾತ್ರ ಹಸಿ ಕೊಬ್ಬರಿಯ ವಾಸನೆ ಬರುತ್ತಿತ್ತು, ಒಳಗೆ ಯಾರೋ ಕಾಯಿ ತುರಿಯುತ್ತಿದ್ದಾರೋ ಎಂಬಂತೆ.

"ಯಾರವ್ವಾ ಒಳಗೆ?"

ವಾಸನೆಯ ಹಿಂದೆ ಹೋದರೆ ಹಿತ್ತಲು. ಕೊಳೆತ ತರಗೆಲೆಯ ನಡುವೆ ಚಿಕ್ಕ ಈರುಳ್ಳಿಯ ಒಂದು ಸಾಲು ಹಚ್ಚಗೆ ನಿಂತಿತ್ತು. ಊರಿದವರು ಸತ್ತು ಎಷ್ಟು ಕಾಲವಾಗಿತ್ತೋ. ಜವರಮ್ಮ ಒಂದನ್ನು ಎಳೆದಳು. ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದಾಗ ದಟ್ಟ ಬೇರಿನ ಜೊತೆ ಕರಿಮಣ್ಣು ಎದ್ದು ಬಂತು. ಮಣ್ಣಿಗಂಟಿದ ಎಲೆಗಳ ಮೇಲೆಲ್ಲ ಹಸಿರು ಬೂಷ್ಟು. ಕೊಬ್ಬರಿಯ ವಾಸನೆ ಬರುತ್ತಿದ್ದದ್ದು ಅದರಿಂದಲೇ.

"ಒಂದು ಬುಟ್ಟಿ ಮಣ್ಣು ತಗೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ," ಎಂದು ಗಟ್ಟಿಯಾಗಿ ಹೇಳಿ ತುಂಬಿಕೊಂಡಳು. ಇಳಿಜಾರಿನಲ್ಲಿ ಇಳಿಯುತ್ತಾ ಇಳಿಯುತ್ತಾ ತಲೆಯ ಮೇಲಿನ ಬುಟ್ಟಿ ಭಾರವಾಗುತ್ತಲೇ ಹೋಯಿತು. ಅವಳು ಹಿಂದೆ ತಿರುಗಿ ನೋಡಲಿಲ್ಲ.

ಆ ಮಣ್ಣಿಗೆ ಸಗಣಿ, ಕೊಳೆತ ಕಾಫಿ ಸಿಪ್ಪೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿಟ್ಟಳು. ಗುಡ್ಡೆ ಬೆಚ್ಚಗಾಯಿತು. ಕೈಯಿಟ್ಟರೆ ಮಲಗಿದವರ ಹೊಟ್ಟೆ ಮುಟ್ಟಿದಂತಾಗುತ್ತಿತ್ತು. ಬಿಳಿ ಬೂಷ್ಟು ಹಿಡಿದ ಒಂದು ಗೆಡ್ಡೆಯನ್ನು ಅದರ ಮೇಲಿಟ್ಟು ನೋಡಿದಳು. ವಾರ ಕಳೆಯುವುದರೊಳಗೆ ಹಸಿರು ಬೂಷ್ಟು ಸುತ್ತಲಿಂದ ಹತ್ತಿ ಬಂದು ಬಿಳಿಯದನ್ನು ತಿಂದುಬಿಟ್ಟಿತ್ತು.

ಗಿಡ್ಡಮ್ಮ ಕಂಡವಳೇ ಹೌಹಾರಿದಳು. "ಸತ್ತೋರ ಮನೇದು ತಂದು ಬಾಗಿಲಲ್ಲಿ ಸಾಕ್ತಿದೀಯಲ್ಲ ಮಾರಾಯ್ತಿ! ಅದು ಸುಮ್ನೆ ಕೂತ್ಕೊಳ್ಳುತ್ತಾ?"

ಜವರಮ್ಮನಿಗೂ ಹೆದರಿಕೆಯಿತ್ತು. ಆದರೂ ಆ ಮಣ್ಣನ್ನು ಪಾತಿಗೆ ಬೆರೆಸಿ ಕೊನೆಯ ಹಿಡಿ ಬೀಜ ಊರಿದಳು. ಅಂಚಿನ ಕೆಲವು ಗಿಡ ಸೊರಗಿದವು. ಉಳಿದವೆಲ್ಲ ನೆಟ್ಟಗೆ ನಿಂತವು. ನೀರು ಹಾಕಿದ ಸಂಜೆಗಳಲ್ಲಿ ಪಾತಿಯಿಂದ ಕೊಬ್ಬರಿಯ ವಾಸನೆ ಏಳುತ್ತಿತ್ತು. ಆಗ ಲೈನಿನವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಬೆಳೆ ಕಿತ್ತಾಗ ಯಾರೂ ಒಂದು ಗೆಡ್ಡೆ ಮುಟ್ಟಲಿಲ್ಲ. ಜವರಮ್ಮ ಒಬ್ಬಳೇ ಸಾರು ಮಾಡಿ ಉಂಡಳು, ತಾಯಿಯನ್ನು ನೆನೆದು ಅತ್ತಳು.

ಮುಂದಿನ ವರ್ಷ ಗಿಡ್ಡಮ್ಮನ ಮೆಣಸಿನ ಸಸಿಗಳು ಬುಡ ಕೊಳೆತು ಮಲಗಿದವು. ಅವಳು ಒಂದು ಮರದ ಮರಿಗೆ ಹಿಡಿದು, ಜವರಮ್ಮ ಉಳಿಸಿಕೊಂಡಿದ್ದ ಗುಡ್ಡೆಯ ಹತ್ತಿರ ಬಂದು ನಿಂತಳು.

"ತಗೊಳ್ಳಕ್ಕಾ. ತಗೊಳ್ಳೋ ಮುಂಚೆ ಒಂದು ಮಾತು ಹೇಳು ಅದಕ್ಕೆ," ಎಂದಳು ಜವರಮ್ಮ.

"ಏನಂತ ಹೇಳ್ಲೇ?"

"ತಗೊಂಡು ಹೋಗ್ತೀನಿ ಅಂತ. ಅಷ್ಟೇ."

ಅವಳು ಮತ್ತೆ ಹಾಕಿದ ಮೆಣಸು ನೆಟ್ಟಗೆ ನಿಂತದ್ದು ಕಂಡು, ಬರಬರುತ್ತಾ ಲೈನಿನ ಹಿತ್ತಲುಗಳಲ್ಲೆಲ್ಲ ಗೋಣಿ ಮುಚ್ಚಿದ ಗುಡ್ಡೆಗಳಾದವು. ಮಣ್ಣಿಗೆ 'ತಗೊಂಡು ಹೋಗ್ತೀನಿ' ಅನ್ನಲು ಗಿಡ್ಡಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ಗೋಣಿ ಎತ್ತುವ ಮುನ್ನ ಅವಳು ಒಮ್ಮೆ ಕೆಮ್ಮುತ್ತಿದ್ದಳು, ಬೇರೆಯವರ ಮನೆಯೊಳಗೆ ಕಾಲಿಡುವವರ ಹಾಗೆ.