ಕನ್ನಡಕ್ಕಾಗಿ ಒಂದನ್ನು ಒತ್ತಿ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ಹೀಗೆ ಮುಂಚಿತವಾಗಿ ತಲೆಬಾಗಿದವನಿಗೆ ಬೈಗುಳ ಕಡಿಮೆ ಬೀಳುತ್ತದೆಂಬ ಕಳ್ಳಬುದ್ಧಿಯೂ ಅದರೊಳಗಿದೆ. ಪಕ್ಕದ ಮನೆಯ ಪಾಪಮ್ಮತ್ತೆಯ ಗುಂಡಿ ಫೋನಿಗೆ, ರಬ್ಬರ್ ಬ್ಯಾಂಡ್ ಸುತ್ತದಿದ್ದರೆ ಬ್ಯಾಟರಿ ಉದುರಿಬೀಳುವ ಆ ಮುದಿ ಫೋನಿಗೆ ಕರೆ ಮಾಡಿ, ಸಹಾಯವಾಣಿಯ ಯಂತ್ರಕನ್ಯೆಯ ಸಕ್ಕರೆ ಸವರಿದ ದನಿಯಲ್ಲಿ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದವನು ನಾನೇ.

ಅಣಕ ನನ್ನ ಚಟ. ಕ್ಯಾಸಂಬಳ್ಳಿ ಬಸ್ಸಿನ ಕಂಡಕ್ಟರು, ಹಾಲಿನ ಡೇರಿಯ ಕಾರ್ಯದರ್ಶಿ, ಗೊರಕೆ ಹೊಡೆಯುವ ನನ್ನಪ್ಪ, ಕನ್ನಡಿಯ ಮುಂದೆ ಹೊಟ್ಟೆ ಎಳೆದುಕೊಂಡು ನಿಲ್ಲುವ ನಾನು, ಯಾರನ್ನೂ ಬಿಟ್ಟಿಲ್ಲ. ಆದರೆ ಬಂಗಾರಪೇಟೆಯ ಮೊಬೈಲ್ ಅಂಗಡಿಗೆ ನಾನು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಈಗ ಎಲ್ಲರ ಕಿವಿಗೂ ಇಯರ್‌ಫೋನಿನ ಬಿರಡೆ ಬಿದ್ದಿದೆ. ನಾನು ಯಾರ ದನಿ ತೆಗೆದರೂ ತಲೆಯೆತ್ತುವವರಿಲ್ಲ. ತುಂಬಿದ ಬಸ್ಸಿನಲ್ಲಿ ತನ್ನ ಹಾಸ್ಯಕ್ಕೆ ತಾನೊಬ್ಬನೇ ನಗುವುದು ಎಂಥ ದಾರಿದ್ರ್ಯವೆಂದು ಅನುಭವಿಸಿದವನೇ ಬಲ್ಲ.

ಬಿರಡೆಯಿಲ್ಲದ ಕಿವಿ ಉಳಿದಿದ್ದುದು ಪಾಪಮ್ಮತ್ತೆಗೆ ಮಾತ್ರ. ಇಟ್ಟಿಗೆ ಹೊತ್ತು ಹೊತ್ತು ಬೆರಳಿನ ಗೆರೆ ಸವೆದು, ಪಡಿತರದಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುವುದನ್ನೇ ಬಿಟ್ಟಿತ್ತು. ಸ್ಮಾರ್ಟ್‌ಫೋನಿನಲ್ಲಿ ಮುಖ ತೋರಿಸಿದರೂ ಆದೀತು, ತಿಂಗಳು ಮುಗಿಯುವುದರೊಳಗೆ ತೋರಿಸದಿದ್ದರೆ ಅಕ್ಕಿ ನಿಲ್ಲುತ್ತದೆ ಎಂದು ಪಡಿತರದವರು ಹೇಳಿದ್ದರು.

"ನಿನ್ ಫೋನಾಗೆ ಒಂದ್ಸಲ ನೋಡ್ಲಾ, ಅಕ್ಕಿ ನಿಂತೋದ್ರೆ ಏನ್ ತಿನ್ಲಿ?" ಎಂದು ಮೂರು ಸಲ ಬಂದಳು. ಮೂರು ಸಲವೂ ನಾನು, "ಚಾರ್ಜಿಲ್ಲ ಅತ್ತೆ" ಎಂದೆ. ಹತ್ತು ನಿಮಿಷದ ಕೆಲಸ. ನನಗೋ ರೀಲ್ಸ್ ನೋಡುವ ಅವಸರ. ಕೊನೆಗೆ ಅವಳು ಜಗಲಿಯ ಮೇಲೆ ಕೂತು ತಾನೇ ಸಹಾಯವಾಣಿಗೆ ಕರೆ ಮಾಡತೊಡಗಿದಳು. ಒತ್ತುತ್ತಿದ್ದಳು, ಕಾಯುತ್ತಿದ್ದಳು, ಕರೆ ಕಡಿದುಹೋಗುತ್ತಿತ್ತು.

ನನ್ನ ಕುಚೇಷ್ಟೆಗೆ ಅಷ್ಟು ಸಾಕಾಯಿತು. ತಿಂಗಳು ಮುಗಿಯಲು ಎರಡೇ ದಿನ ಉಳಿದಿದ್ದ ಮಧ್ಯಾಹ್ನ, ನಮ್ಮ ಮೊಬೈಲ್ ಅಂಗಡಿಯ ನಂಬರಿನಿಂದ ಯಂತ್ರಕನ್ಯೆಯಾದೆ. ಅವಳು ಒತ್ತಿದಳು. "ನಿಮ್ಮ ದೂರನ್ನು ತಿಳಿಸಿ" ಎಂದೆ, ನಗು ನುಂಗಿಕೊಂಡು.

ತಿಳಿಸಿದಳು. ಅಕ್ಕಿಯಿಂದ ಹೊರಟವಳು ಇಟ್ಟಿಗೆ ಗೂಡಿಗೆ ಬಂದಳು. ಅಲ್ಲಿಂದ ಮಾರಿಕುಪ್ಪಂನಲ್ಲಿರುವ, ಮಾತು ಬಿಟ್ಟ ತಂಗಿಗೆ. ಅಲ್ಲಿಂದ ಟೀವಿ ಕೆಟ್ಟ ಮೇಲೆ ಗೋಡೆ ನೋಡುತ್ತ ಕೂರುವ ಸಂಜೆಗಳಿಗೆ. "ನಂಗ್ಯಾರೂ ಫೋನ್ ಮಾಡಲ್ಲ. ನೀನಾದ್ರೂ ಮಾಡ್ದೆ" ಎಂದಳು. ಕರೆ ಕಡಿಯುವ ಕೆಂಪು ಬೊಟ್ಟು ಕಣ್ಣೆದುರಿಗೇ ಇತ್ತು; ಬೆರಳು ಏಳಲಿಲ್ಲ. ಗಿರಾಕಿಗಳು ಬಂದರು, ಬೈದುಕೊಂಡು ಹೋದರು. ನಾನು ಮೂಗು ಸೀಟಿಕೊಂಡೆ, ಯಂತ್ರಗಳಿಗೆ ನೆಗಡಿಯಾಗುವುದಿಲ್ಲವೆಂಬುದನ್ನೂ ಮರೆತು.

ಇಂಟರ್ನೆಟ್ ಯಾರನ್ನು ಮುಟ್ಟಿದೆ, ಯಾರನ್ನು ಮುಟ್ಟಿಲ್ಲ ಎಂಬ ಮಾತು ಬಂದಾಗಲೆಲ್ಲ ನಾವು ಟವರಿನ ಕಡೆ ಕೈ ತೋರಿಸುತ್ತೇವೆ. ನಮ್ಮೂರ ಟವರಿನ ತರಂಗಗಳು ಅವಳ ಶೀಟಿನ ಮನೆಯ ಮೇಲೂ ನಮ್ಮ ತಾರಸಿಯ ಮೇಲೂ ಒಂದೇ ಸಮನೆ ಸುರಿಯುತ್ತವೆ, ಗೆಳೆಯರೇ. ದಾಟಲಾಗದೆ ಉಳಿದದ್ದು ಎರಡು ಬಾಗಿಲುಗಳ ನಡುವಿನ ಹತ್ತು ಹೆಜ್ಜೆ. ಆ ಕಡೆ ಅವಳೊಬ್ಬಳೇ, ಈ ಕಡೆ ಸಾವಿರಾರು ಮುಖಗಳನ್ನು ಅಂಗೈಯಲ್ಲಿ ಹಿಡಿದ ನಾನೂ ಒಬ್ಬನೇ.

ಸಂಜೆ ಬಸ್ಸಿಳಿದವನೇ ಅವಳ ಬಾಗಿಲಲ್ಲಿ ನಿಂತೆ. ಬಹುದಿನ ಬಳಸದೆ ತುಕ್ಕು ಹಿಡಿದಿದ್ದ ನನ್ನ ಸ್ವಂತ ದನಿಯಲ್ಲಿ, "ಅತ್ತೆ, ಮಧ್ಯಾಹ್ನ ಫೋನ್ ಮಾಡಿದ್ದು ನಾನೇ" ಎಂದೆ. ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ಕಣ್ಲಾ. ಮಿಷನ್ ಆಗಿದ್ರೆ ಅಷ್ಟೊತ್ತು ಕೇಳ್ತಿತ್ತಾ? ತೆಗಿ ನಿನ್ ಫೋನು, ಮುಖ ತೋರುಸ್ತೀನಿ."